ಕೂತು ಮಾಡುವ ಕೆಲಸ

ಆ ಬೈಂಡಿಂಗ್ ಅಂಗಡಿಯಲ್ಲಿ ಯಾರಿಗೂ ಹೆಸರಿರಲಿಲ್ಲ, ಕೆಲಸವೇ ಹೆಸರು. ಯಜಮಾನರು ಅಂಟು ಮಾಮ. ಪುಸ್ತಕದ ಬೆನ್ನಿನ ಮೇಲೆ ಬಂಗಾರದ ಅಕ್ಷರ ಒತ್ತುವವಳು ಚಿನ್ನದಕ್ಕ. ಹಾಳೆಗಳನ್ನು ಹೊಲಿಯುವವಳು ಸೂಜಿ. ಸೂಜಿಗೆ ಈ ಹೆಸರು ಬಂದು ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿ ಗಂಡ ಕೂಡ ತಮಾಷೆಗೆ ಹಾಗೆಯೇ ಕರೆಯುತ್ತಿದ್ದ. ಒಮ್ಮೆ ಕೂತಳೆಂದರೆ ಪುಸ್ತಕ ಮುಗಿಯುವವರೆಗೆ ಏಳದ ಹೆಂಗಸು ಎಂದು ಅಂಟು ಮಾಮ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಈಗಲೂ ಹೇಳುತ್ತಿದ್ದರು. ಆದರೆ ಅದು ಹನ್ನೊಂದು ತಿಂಗಳ ಹಿಂದಿನ ಮಾತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಈಗ ಅವಳಿಗೆ ಸಿಗುತ್ತಿದ್ದುದು ಹತ್ತು ನಿಮಿಷ. ಸ್ಟೂಲಿನ ಮೇಲೆ ಕುಳಿತ ಮೊದಲ ಐದು ನಿಮಿಷ ಏನೂ ಇರುತ್ತಿರಲಿಲ್ಲ. ಅದೇ ದೊಡ್ಡ ಮೋಸ. ಇವತ್ತು ಬರಲಿಕ್ಕಿಲ್ಲ ಎಂದು ಮನಸ್ಸು ಆಸೆಪಡುವಷ್ಟರಲ್ಲಿ ಬೆನ್ನಿನ ತೀರ ಕೊನೆಯಲ್ಲಿ, ಕೈಗೆ ಸಿಗದ ಯಾವುದೋ ಒಳಮೂಲೆಯಲ್ಲಿ, ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಗುತ್ತಿತ್ತು. ಏಳನೆಯ ನಿಮಿಷಕ್ಕೆ ಹತ್ತಿಕೊಳ್ಳುತ್ತಿತ್ತು. ಹತ್ತಕ್ಕೆ ಕೆಂಡದ ಮೇಲೆ ಕೂತಂತೆ. ಎದ್ದು ನಿಂತರೆ ನಿಧಾನವಾಗಿ ಆರುತ್ತಿತ್ತು. ನಡೆದರೆ ಇಲ್ಲ, ಮಲಗಿದರೆ ಇಲ್ಲ, ಭಾರ ಎತ್ತಿದರೂ ಇಲ್ಲ. ನೀರಿನ ಕ್ಯಾನು ಹೊತ್ತು ಮೂರು ಮಹಡಿ ಹತ್ತುವ ಹೆಂಗಸು ಕುರ್ಚಿಯಲ್ಲಿ ಕೂರಲಾರೆ ಎಂದರೆ ಕೇಳಿದವರು ನಂಬುವುದಾದರೂ ಹೇಗೆ?

ಮೂಳೆಯ ಡಾಕ್ಟರು ನೋಡಿದ್ದರು, ನರದ ಡಾಕ್ಟರು ನೋಡಿದ್ದರು, ಹೆಂಗಸರ ಡಾಕ್ಟರೂ ನೋಡಿದ್ದರು. ಎಲ್ಲರ ಮೊದಲ ಮಾತು ಒಂದೇ: "ಕೂತ್ಕೊಳ್ಳಿ." ಕೊನೆಯ ಮಾತೂ ಒಂದೇ: "ಎಲ್ಲ ನಾರ್ಮಲ್ ಇದೆ." ಕಡೆಯ ಸ್ಕ್ಯಾನಿನ ದಿನ ಗಂಡ ಆ ಮಾತು ಕೇಳಿ ಉಸಿರು ಬಿಟ್ಟು, ಡಾಕ್ಟರ ಕೈ ಕುಲುಕಿದ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು. ಆ ಚಿತ್ರದಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ ಕಂಡಿದ್ದರೂ ಸಾಕಿತ್ತು ಎಂದು ಬಯಸಿದ ತನ್ನ ಮನಸ್ಸನ್ನು ಕಂಡು ತಾನೇ ಹೆದರಿದಳು. ಇನ್ನೂ ಇಷ್ಟೆತ್ತರದ ಮಗಳನ್ನು ಮನೆಯಲ್ಲಿ ಇಟ್ಟುಕೊಂಡು ಯಾವ ತಾಯಿ ಹೀಗೆ ಬಯಸುತ್ತಾಳೆ?

ಗಂಡ ಕೆಟ್ಟವನಲ್ಲ. ಬಸ್ ಡ್ರೈವರ್. "ದಿನಕ್ಕೆ ಒಂಬತ್ತು ಗಂಟೆ ಕೂತು ಸ್ಟಿಯರಿಂಗ್ ತಿರುಗಿಸೋ ನಂಗೇ ಏನೂ ಆಗಿಲ್ಲ, ನಿಂಗೇನೇ ಬಂತು?" ಎಂದು ನಗುತ್ತಿದ್ದ, ಆಮೇಲೆ ಮೆತ್ತನೆಯ ದಿಂಬು ತಂದುಕೊಡುತ್ತಿದ್ದ. ಒಂದು ದಿಂಬಾಯಿತು, ನಡುವೆ ತೂತಿದ್ದ ಇನ್ನೊಂದಾಯಿತು, ಗಾಳಿ ತುಂಬುವ ಮೂರನೆಯದೂ ಆಯಿತು. ಮೂರನೆಯದರ ಮೇಲೆ ಕೂರಿಸಿ ಅವನು ಮಗುವಿನ ಮುಖ ನೋಡುವ ಹಾಗೆ ಅವಳ ಮುಖ ನೋಡಿದಾಗ ಅವಳ ಬಾಯಿಂದ "ಈಗ ಪರವಾಗಿಲ್ಲ ರೀ" ಎಂದು ಬಂದುಬಿಟ್ಟಿತು. ಅವನಿಗಾದ ಸಂತೋಷ ಎಷ್ಟೆಂದರೆ, ಆ ಮಾತನ್ನು ವಾಪಸು ತೆಗೆದುಕೊಳ್ಳಲು ನಾಲ್ಕು ತಿಂಗಳಿಂದ ಅವಳಿಗೆ ಧೈರ್ಯ ಬಂದಿರಲಿಲ್ಲ. ಊಟದ ಹೊತ್ತಿಗೆ ಒಲೆಯ ಮೇಲೆ ಏನಾದರೊಂದು ಉಕ್ಕುವುದಕ್ಕಿಟ್ಟು ಅಡುಗೆಮನೆಯಲ್ಲೇ ನಿಂತು ತಿನ್ನುತ್ತಿದ್ದಳು.

ಎಂಟು ವರ್ಷದ ಮಗಳಿಗೆ ಮಾತ್ರ ಏನೋ ವಾಸನೆ ಬಡಿದಿತ್ತು. ಶಾಲೆಯಲ್ಲಿ ತಂದೆತಾಯಂದಿರ ಸಭೆ ನಡೆದಾಗ ಎಲ್ಲರೂ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತಿದ್ದರೆ ಅವಳೊಬ್ಬಳು ಗೋಡೆಯ ಮೇಲಿನ ಹಣ್ಣುಗಳ ಚಿತ್ರಪಟವನ್ನು ಒಂದು ಗಂಟೆ ಓದುತ್ತ ನಿಂತಿದ್ದಳು. ಮರುದಿನ ಟೀಚರ್ ಮಗಳನ್ನು ಕೇಳಿದ್ದರಂತೆ, "ನಿಮ್ಮಮ್ಮನಿಗೆ ನನ್ನ ಮೇಲೆ ಕೋಪಾನಾ?"

"ನೀನೇನಂದೆ?"

"ಅಮ್ಮನಿಗೆ ಕುರ್ಚಿ ಮೇಲೆ ಕೋಪ ಅಂದೆ."

ಅವಳು ನಕ್ಕಳು. ನಗು ನಿಂತ ಮೇಲೆ ಲೆಕ್ಕ ಹಾಕಿದಳು. ಮಗುವಿಗೇ ಗೊತ್ತಾಗಿದೆಯೆಂದರೆ ಅಂಟು ಮಾಮನಿಗೆ ಗೊತ್ತಾಗಲು ಎಷ್ಟು ದಿನ?

ಭಯವಿದ್ದದ್ದು ಅಲ್ಲೇ. ಅಂಗಡಿಯಲ್ಲಿ ಅವಳಿಗಿಂತ ಮೊದಲು ಹೊಲಿಗೆಗೆ ಇದ್ದವನೊಬ್ಬ ಗಂಟೆಗೆ ನಾಲ್ಕು ಸಲ ಎದ್ದು ಹೊರಗೆ ಹೋಗುತ್ತಿದ್ದನಂತೆ. ಅಂಟು ಮಾಮ ಒಂದು ವಾರ ನೋಡಿ ಅವನನ್ನು ಹೊಲಿಗೆಯಿಂದ ಎಬ್ಬಿಸಿ ರಟ್ಟಿನ ಡಬ್ಬ ಅಂಟಿಸಲು ಹಾಕಿದರು; ಮೂರು ತಿಂಗಳಲ್ಲಿ ಅವನು ಬಿಟ್ಟೇ ಹೋದ. "ಇದು ಕೂತು ಮಾಡೋ ಕೆಲಸ," ಎಂದು ಮಾಮ ಆ ಕಥೆಯನ್ನು ಮುಗಿಸುತ್ತಿದ್ದರು. "ಕೂರೋಕೆ ಆಗದೋರು ಹೋಗಿ ಅಂಚೆ ಹಂಚಲಿ." ಮೊದಲೆಲ್ಲ ಈ ಕಥೆಗೆ ಅವಳು ಚೆನ್ನಾಗಿ ನಗುತ್ತಿದ್ದಳು. ಈಚೆಗೆ ತೆಳು ಪುಸ್ತಕಗಳೇ ಬರುತ್ತಿದ್ದುದರಿಂದ, ಒಂದು ಮುಗಿಸಿ ಇನ್ನೊಂದು ತರುವ ನೆಪದಲ್ಲಿ ಎದ್ದು ಹೇಗೋ ದಾಟಿಸಿದ್ದಳು.

ಹೊಲಿಗೆ ಬಿಟ್ಟರೆ ತನ್ನದು ಎನ್ನುವಂಥ ಇನ್ನೊಂದು ವಿದ್ಯೆ ಅವಳಿಗಿರಲಿಲ್ಲ. ನಾಲ್ಕು ಹಾಳೆಗಳನ್ನು ಮಡಚಿ ಒಂದರೊಳಗೊಂದು ಸೇರಿಸಿದರೆ ಒಂದು ಫಾರಂ. ಅಂಥ ನಲವತ್ತೋ ಐವತ್ತೋ ಫಾರಂಗಳನ್ನು ಒಂದರ ಮೇಲೊಂದು ಇಟ್ಟು, ಮರದ ಚೌಕಟ್ಟಿನಲ್ಲಿ ಬಿಗಿದ ಹುರಿಗಳಿಗೆ ದಾರ ಸುತ್ತುತ್ತ ಹೊಲಿದರೆ ಪುಸ್ತಕಕ್ಕೆ ಮೈ ಬರುತ್ತದೆ. ದಾರ ಹೆಚ್ಚು ಎಳೆದರೆ ಹಾಳೆ ಸೀಳುತ್ತದೆ, ಸಡಿಲ ಬಿಟ್ಟರೆ ಪುಸ್ತಕ ಹಲ್ಲು ಕಿರಿಯುತ್ತದೆ. ಎಷ್ಟು ಎಳೆಯಬೇಕು ಎಂಬುದು ಅವಳ ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಹೀಗಿರುವಾಗ ಆಸ್ಪತ್ರೆಯ ಜನನ ದಾಖಲೆಯ ಹಳೆಯ ಪುಸ್ತಕಗಳು ಬಂದವು. ಅಂಟು ಮಾಮ ಮೊದಲನೆಯದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹೊಲಿಗೆ ಮೇಜಿನ ಮೇಲಿಟ್ಟರು.

"ಹನ್ನೆರಡು ಇದಾವೆ. ಅರವತ್ತು ವರ್ಷದ ಕೂಸುಗಳೆಲ್ಲ ಇದರಲ್ಲಿ ಮಲಗಿದಾವೆ. ಮೊದಲನೇದರ ಹೊಲಿಗೆ ಮುಗಿಸಿಟ್ಟಿರಬೇಕು. ದಾಖಲೆ ವಿಭಾಗದ ಮೇಡಂ ಶುಕ್ರವಾರ ಸಂಜೆ ಬಂದು, ರಟ್ಟು ಹಾಕೋಕೆ ಮುಂಚೆ ಹೊಲಿಗೆ ನೋಡ್ತಾರಂತೆ. ಒಪ್ಪಿದ್ರೆ ಉಳಿದ ಹನ್ನೊಂದೂ ನಮಗೆ. ಇಲ್ಲಾಂದ್ರೆ ಆಚೆ ರಸ್ತೆ ಫ್ಯಾಕ್ಟರಿಗೆ. ಅಲ್ಲಿ ಮೆಷಿನ್ನಲ್ಲಿ ತಂತಿ ಹೊಡೆದು ಬಿಸಾಕ್ತಾರೆ." ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಸೂಜಿ, ಇದು ನೀನೊಬ್ಬಳೇ ಮಾಡು. ಸರಿಹೋದ್ರೆ ಇನ್ಮುಂದೆ ಹೊಲಿಗೆ ಮೇಜು ನಿಂದೇ. ನಾನು ಮೂಗು ತೂರಿಸಲ್ಲ."

"ಮಾಮ ಮೂಗು ತೂರಿಸಲ್ಲ ಅಂದ್ರೆ ಅಂಗಡಿ ಮುಚ್ಚಿದ ಹಾಗೇ," ಎಂದಳು ಚಿನ್ನದಕ್ಕ ಒಳಗಿನಿಂದ.

ಸೂಜಿ "ಆಗಲಿ ಮಾಮ" ಎಂದಳು. ಬೇರೆ ಏನು ಹೇಳಬಹುದಿತ್ತು?

ಸೋಮವಾರ ಬೆಳಿಗ್ಗೆ ಅವಳು ನಲವತ್ತೆಂಟು ಫಾರಂಗಳ ಕಟ್ಟನ್ನು ಎಡಕ್ಕಿಟ್ಟು ಕುಳಿತಳು. ಹತ್ತು ನಿಮಿಷಕ್ಕೆ ದಾರಕ್ಕೆ ಮೇಣ ಹಚ್ಚುವ ನೆಪದಲ್ಲಿ ಎದ್ದಳು. ಮತ್ತೆ ಕುಳಿತಳು. ಈ ಸಲ ಎಂಟು ನಿಮಿಷ. ನೀರು ಕುಡಿಯಲು ಎದ್ದಳು. ಆಮೇಲೆ ಸೂಜಿಯ ಮೊನೆ ನೋಡಲು ಕಿಟಕಿಯ ಹತ್ತಿರ, ಆಮೇಲೆ ಕಿಟಕಿ ಹಾಕಲು, ಆಮೇಲೆ ಅದೇ ಕಿಟಕಿ ತೆಗೆಯಲು.

"ಏನೇ ಇದು, ಕಾಲಿಗೆ ಚಕ್ರ ಕಟ್ಟಿಸಿಕೊಂಡಿದ್ದೀಯಾ? ಇಲ್ಲಾ ಸ್ಟೂಲಲ್ಲಿ ಮುಳ್ಳಿದೆಯಾ?" ಎಂದಳು ಚಿನ್ನದಕ್ಕ.

"ಮುಳ್ಳೇ ಇದೆ ಅಕ್ಕ, ಬೇಕಾದ್ರೆ ನೀನು ಬಂದು ಕೂತು ನೋಡು," ಎಂದು ಅವಳೂ ತಮಾಷೆ ಮಾಡಿದಳು. ನಿಜವನ್ನು ಹೀಗೆ ತಮಾಷೆಯ ಬಟ್ಟೆ ತೊಡಿಸಿ ಎದುರಿಗೇ ಓಡಾಡಿಸುವುದನ್ನು ಅವಳು ಈ ಹನ್ನೊಂದು ತಿಂಗಳಲ್ಲಿ ಕಲಿತಿದ್ದಳು. ಮಧ್ಯಾಹ್ನದವರೆಗೆ ಆದದ್ದು ಐದು ಫಾರಂ. ಹೀಗಾದರೆ ಶುಕ್ರವಾರಕ್ಕೆ ಪುಸ್ತಕ ಮುಗಿಯುವುದು ಅನುಮಾನ.

ಊಟದ ಹೊತ್ತಿಗೆ ಅಂಟು ಮಾಮ, ಚಿನ್ನದಕ್ಕ ಇಬ್ಬರೂ ಹಿಂದಿನ ಕೋಣೆಗೆ ಹೋಗುತ್ತಿದ್ದರು. ಮುಕ್ಕಾಲು ಗಂಟೆ. ಅವಳು "ನಾನು ಇಲ್ಲೇ ಎರಡು ತುತ್ತು ತಿಂತೀನಿ, ಕೆಲಸ ಕೈಬಿಟ್ರೆ ಹದ ತಪ್ಪುತ್ತೆ" ಎಂದಳು. ಬಾಗಿಲು ಮುಚ್ಚಿದ್ದೇ ತಡ, ಒತ್ತುಹಲಗೆಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಚೌಕಟ್ಟು ಇಟ್ಟಳು. ಆದರೆ ಅವಳು ಕೂರುವ ಕಡೆ ನಿಲ್ಲಲು ಆಗುತ್ತಿರಲಿಲ್ಲ. ಅಲ್ಲಿ ಗೋಡೆಗೆ ಮಾಮನ ಹಳೆಯ ಹತಾರಗಳ ಅಟ್ಟಣೆ ತಗ್ಗಾಗಿ ಚಾಚಿಕೊಂಡಿತ್ತು. ಕೂತವರಿಗೆ ತೊಂದರೆಯಿಲ್ಲ, ನಿಂತವರ ಹಣೆ ಒಡೆಯುತ್ತದೆ. ಹಾಗಾಗಿ ಮೇಜಿನ ಆಚೆ ಬದಿಗೆ ಹೋಗಿ, ಚೌಕಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಫಾರಂಗಳ ಕಟ್ಟನ್ನು ಇದ್ದಲ್ಲೇ ಬಿಟ್ಟು, ನಿಂತು ಹೊಲಿಯತೊಡಗಿದಳು.

ಬೆಂಕಿಕಡ್ಡಿಯಿಲ್ಲ, ಕೆಂಡವಿಲ್ಲ. ಕೈ ತನ್ನ ಪಾಡಿಗೆ ತಾನು ಓಡಿತು. ಮುಕ್ಕಾಲು ಗಂಟೆಯಲ್ಲಿ ಐದು ಫಾರಂ, ಬೆಳಗಿನಿಂದ ಆಗಿದ್ದಷ್ಟೇ. ಹಿಂದಿನ ಕೋಣೆಯಲ್ಲಿ ತಟ್ಟೆ ತೊಳೆಯುವ ಸದ್ದು ಕೇಳಿದೊಡನೆ ಎಲ್ಲವನ್ನೂ ಇಳಿಸಿ, ಚೌಕಟ್ಟು ತಿರುಗಿಸಿಟ್ಟು, ಸ್ಟೂಲಿನ ಮೇಲೆ ಕುಳಿತು ತುತ್ತು ಬಾಯಿಗಿಟ್ಟುಕೊಂಡಳು. ಮಂಗಳವಾರವೂ ಹಾಗೇ ಮಾಡಿದಳು, ಬುಧವಾರವೂ. ಬುಧವಾರ ಸಂಜೆ ನಲವತ್ತೆಂಟನೆಯ ಫಾರಂಗೆ ಗಂಟು ಹಾಕಿ ದಾರ ಕತ್ತರಿಸಿದಾಗ, ಇನ್ನು ಹನ್ನೊಂದು ಪುಸ್ತಕಗಳನ್ನು ಹೀಗೇ ಕದ್ದು ಹೊಲಿಯಬೇಕಲ್ಲ ಎಂಬ ಚಿಂತೆ ಆಗಲೇ ಶುರುವಾಗಿತ್ತು.

ಗುರುವಾರ ಬೆಳಿಗ್ಗೆ ಅಂಟು ಮಾಮ ಪುಸ್ತಕವನ್ನು ಕೈಗೆತ್ತಿಕೊಂಡರು. ಬೆನ್ನಿನ ಮೇಲೆ ಬೆರಳಾಡಿಸಿ "ಹೂಂ" ಎಂದರು. ಅದು ಅವರ ಹೊಗಳಿಕೆ. ಆಮೇಲೆ ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟರು. ಹೆಬ್ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು.

"ಸೂಜಿ, ಬಾ ಇಲ್ಲಿ. ಕೂತ್ಕೋ."

ಅವರ ಮೇಜಿನ ಎದುರಿಗೆ ಗಿರಾಕಿಗಳಿಗೆಂದು ಇಟ್ಟ ಮರದ ಕುರ್ಚಿಯಿತ್ತು. ಅವಳು ಕುಳಿತಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು.

ಮಾಮ ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದವರಲ್ಲ. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಕಾಗದದ ಚೀಟಿಗಳನ್ನು ಕತ್ತರಿಸಿ, ಪುಟಗಳ ನಡುವೆ ಒಂದೊಂದಾಗಿ ಇಡುತ್ತ ಹೋದರು. ಅವಳಿಗೆ ಏನು ತಪ್ಪಾಗಿದೆಯೆಂದು ಗೊತ್ತಿಲ್ಲ. ಏನೋ ಆಗಿದೆಯೆಂದು ಗೊತ್ತು. ಒಂಬತ್ತೂ ಇಪ್ಪತ್ತೈದು. ಕಡ್ಡಿ ಗೀರಿತು. ಅವಳು ಭಾರವನ್ನು ಎಡಕ್ಕೆ ಹಾಕಿದಳು, ಆಮೇಲೆ ಬಲಕ್ಕೆ. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೈಯನ್ನು ಕೂದಲೆಳೆಯಷ್ಟು ಮೇಲೆತ್ತಿದಳು. ತೋಳು ನಡುಗಿತು. ಇಳಿಸಿದಳು.

ಚಿನ್ನದಕ್ಕ ಚಹಾ ತಂದಳು. "ಏನು ಮಾಮ, ಪರೀಕ್ಷೆ ನಡೀತಿದೆಯಾ? ಹುಡುಗಿ ಮುಖ ನೋಡಿ, ಫೇಲಾದವರ ಹಾಗಿದೆ."

"ಸುಮ್ನಿರು ಸ್ವಲ್ಪ," ಎಂದರು ಮಾಮ. ಮತ್ತೊಂದು ಚೀಟಿ.

ಒಂಬತ್ತೂ ಇಪ್ಪತ್ತೊಂಬತ್ತು. ಈಗ ಅವಳಿಗೆ ಮಾಮನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಏಳಬಾರದು. ಈಗ ಎದ್ದರೆ ಗೊತ್ತಾಗುತ್ತದೆ. ರಟ್ಟಿನ ಡಬ್ಬ ಅಂಟಿಸುತ್ತಿದ್ದವನ ನೆನಪು ಬಂತು. ಅವನನ್ನು ಅವಳು ನೋಡಿಯೇ ಇರಲಿಲ್ಲ, ಆದರೂ ಈಗ ಅವನ ಮುಖ ಎದುರಿಗೆ ಬಂತು.

"ಐದು ಫಾರಂ ಸರಿ," ಎಂದು ಮಾಮ ಕೊನೆಗೂ ಬಾಯಿ ಬಿಟ್ಟರು. "ಐದು ತಲೆಕೆಳಗು. ಹನ್ನೊಂದು ಸರಿ. ಮತ್ತೆ ಐದು ತಲೆಕೆಳಗು. ಮತ್ತೆ ಹನ್ನೊಂದು ಸರಿ. ಮತ್ತೆ ಐದು ತಲೆಕೆಳಗು. ಕೊನೇ ಆರು ಸರಿ. ಒಂಬತ್ತು ವರ್ಷದಲ್ಲಿ ನೀನು ಒಂದೇ ಒಂದು ಫಾರಂ ತಿರುಗುಮುರುಗು ಮಾಡಿದವಳಲ್ಲ. ಈಗ ಹದಿನೈದು. ಅದೂ ಪಾಠ ಒಪ್ಪಿಸಿದ ಹಾಗೆ ಐದೈದು. ಏನಿದು?"

ಅವಳು ಎದ್ದು ನಿಂತಳು. ಏಳಬೇಕೆಂದು ಎದ್ದದ್ದಲ್ಲ, ಮೈಯೇ ಎದ್ದಿತು. ಕುರ್ಚಿ ಹಿಂದಕ್ಕೆ ಬಿದ್ದು ದೊಡ್ಡ ಸದ್ದಾಯಿತು. ಚಿನ್ನದಕ್ಕನ ಕೈಯ ಲೋಟದಿಂದ ಚಹಾ ತುಳುಕಿತು.

ಮಾಮ ಬಿದ್ದ ಕುರ್ಚಿಯನ್ನು ನೋಡಿದರು, ಅವಳನ್ನು ನೋಡಿದರು. ಬಯ್ಯಲಿಲ್ಲ. ಎದ್ದು ಹೊಲಿಗೆ ಮೇಜಿನ ಹತ್ತಿರ ಹೋಗಿ, ಉಳಿದ ಬಿಳಿ ಹಾಳೆಗಳನ್ನು ಮಡಚಿ, ತಲೆಯ ಕಡೆ ಗುರುತು ಹಾಕಿ, ಅವಳು ಕಟ್ಟು ಇಡುತ್ತಿದ್ದ ಜಾಗದಲ್ಲಿಟ್ಟರು. ಮೊದಲು ಸ್ಟೂಲಿನ ಕಡೆಯಿಂದ ಒಂದನ್ನು ತೆಗೆದು ಚೌಕಟ್ಟಿನ ಮೇಲಿಟ್ಟರು. ತಲೆ ಅಲ್ಲಾಡಿಸಿದರು, ಇದಲ್ಲ ಎಂಬಂತೆ. ಆಮೇಲೆ ಆಚೆ ಬದಿಗೆ ಹೋಗಿ ಚೌಕಟ್ಟನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅಲ್ಲಿಂದ ಕೈ ಚಾಚಿ ಇನ್ನೊಂದನ್ನು ತೆಗೆದು, ಪುಟ ಮಗುಚುವ ಹಾಗೆ ತಮ್ಮ ಕಡೆಗೆ ಮಗುಚಿಕೊಂಡು ಇಟ್ಟರು. ಆ ಹಾಳೆಯ ತಲೆ ಈಗ ಬುಡದ ಕಡೆಗಿತ್ತು.

"ಇದು ಕೂತು ಮಾಡೋ ತಪ್ಪಲ್ಲ," ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. "ಕೂತವರಿಗೆ ಈ ತಪ್ಪು ಮಾಡೋಕೆ ಬರೋದೇ ಇಲ್ಲ. ನೀನು ಈ ಕಡೆ ಬಂದು ನಿಂತು ಹೊಲಿದಿದ್ದೀಯ. ದಿನಕ್ಕೊಂದು ಸಲ, ನಾವು ಊಟಕ್ಕೆ ಹೋದಾಗ. ಯಾಕಮ್ಮ?"

ಹೇಳಲು ಸುಳ್ಳುಗಳು ಇದ್ದವು. ಮಗಳಿಗೆ ಜ್ವರ, ಕಣ್ಣು ಮಂಜು, ರಾತ್ರಿ ನಿದ್ದೆಯಿಲ್ಲ. ಇಂಥ ದಿನಕ್ಕೆಂದೇ ಅವಳು ಅವನ್ನು ಮಡಚಿ ಇಟ್ಟುಕೊಂಡಿದ್ದಳು. ಆದರೆ ಹನ್ನೊಂದು ತಿಂಗಳಲ್ಲಿ ಮೊದಲ ಸಲ ಯಾರೋ ಒಬ್ಬರು, ಅವಳು ಬಾಯಿ ಬಿಡುವ ಮೊದಲೇ, ಅವಳಿಗೆ ಕೂರಲಾಗುವುದಿಲ್ಲ ಎಂಬ ಸಂಗತಿಯ ತೀರ ಹತ್ತಿರಕ್ಕೆ ಬಂದು ನಿಂತಿದ್ದರು. ಸ್ಕ್ಯಾನಿನಲ್ಲಿ ಬೀಳದ ಚುಕ್ಕೆ ಹದಿನೈದು ಫಾರಂಗಳಲ್ಲಿ ಬಿದ್ದಿತ್ತು.

"ಕೂರೋಕಾಗಲ್ಲ ಮಾಮ," ಎಂದಳು. "ಹತ್ತು ನಿಮಿಷದ ಮೇಲೆ ಆಗಲ್ಲ. ಉರಿ. ಯಾಕೆ ಅಂತ ಗೊತ್ತಿಲ್ಲ."

"ಎಷ್ಟು ದಿನದಿಂದ?"

"ಹನ್ನೊಂದು ತಿಂಗಳು."

"ಡಾಕ್ಟ್ರು?"

"ಮೂರು ಜನ ನೋಡಿದ್ರು. ಎಲ್ಲ ನಾರ್ಮಲ್ ಅಂದ್ರು."

ಮಾಮ ಚೀಟಿಗಳು ಚಾಚಿಕೊಂಡಿದ್ದ ಪುಸ್ತಕದ ಕಡೆ ಕೈ ತೋರಿಸಿದರು. "ನಾರ್ಮಲ್ ಇದ್ರೆ ಇದೆಲ್ಲ ಏನು?"

ಚಿನ್ನದಕ್ಕ ಲೋಟಗಳನ್ನು ಕೆಳಗಿಟ್ಟಳು. "ನಾನು ಮುಳ್ಳಿದೆಯಾ ಅಂದಿದ್ದೆ ಕಣೇ," ಎಂದಳು. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದು ತನ್ನದೇ ತಪ್ಪೇನೋ ಎಂಬಂತೆ ಸೆರಗಿನಿಂದ ಒರೆಸಿದಳು.

ಮಾಮ ಮಡಚಿದ ಬಿಳಿ ಹಾಳೆಗಳನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟರು. ಸೂಜಿಗೆ ಕಂಡದ್ದು ರಟ್ಟಿನ ಡಬ್ಬಗಳೇ. ಆಮೇಲೆ ಅವರು ಒಂದು ವಿಚಿತ್ರ ಮಾತು ಹೇಳಿದರು. "ನಿನಗಿಂತ ಮುಂಚೆ ಇದ್ದನಲ್ಲ, ಅವನು ಯಾಕೆ ಏಳ್ತಿದ್ದ ಅಂತ ನಾನು ಕೇಳಲೇ ಇಲ್ಲ." ಕನ್ನಡಕ ತೆಗೆದು ಮತ್ತೆ ಒರೆಸಿದರು. "ಇದು ಕೂತು ಮಾಡೋ ಕೆಲಸ ಅಂತ ನಂಗೆ ಕಲಿಸಿದೋರು ಹೇಳಿದ್ರು. ಅವರು ಕೂತಿದ್ರು, ನಾನೂ ಕೂತೆ. ಅಷ್ಟೇ. ಬೇರೆ ಕಾರಣ ಇದೆ ಅಂತ ನಂಗೂ ಗೊತ್ತಿಲ್ಲ."

"ಹಾಗಾದ್ರೆ..."

"ಹಾಗಾದ್ರೆ ಗೀಗಾದ್ರೆ ಏನೂ ಇಲ್ಲ. ಮೊದಲೈದು ಬಿಟ್ಟು ಉಳಿದ ನಲವತ್ತಮೂರೂ ಬಿಚ್ಚಬೇಕು. ಮೇಡಂ ನಾಳೆ ಸಂಜೆ ಬರ್ತಾರೆ. ನಿಂತು ಹೊಲಿ. ಆದ್ರೆ ಸರಿಯಾದ ಕಡೆ ನಿಂತು ಹೊಲಿ. ಆದೀತೋ ಇಲ್ಲವೋ ನೋಡೋಣ. ಆಗದಿದ್ರೆ ಫ್ಯಾಕ್ಟರಿಗೆ ನಾನೇ ಫೋನ್ ಮಾಡ್ತೀನಿ. ಅದನ್ನ ಈಗಲೇ ಹೇಳಿರ್ತೀನಿ."

ಅವರು ಸ್ಕ್ರೂಡ್ರೈವರ್ ತಂದು, ಮೂವತ್ತು ವರ್ಷದಿಂದ ಅಲ್ಲೇ ಇದ್ದ ಅಟ್ಟಣೆಯನ್ನು ಬಿಚ್ಚತೊಡಗಿದರು. ತುಕ್ಕು ಹಿಡಿದ ಸ್ಕ್ರೂಗಳು ಕಿರುಗುಟ್ಟಿದವು. ಗೋಡೆಯ ಸುಣ್ಣ ಮಾಮನ ತಲೆಯ ಮೇಲೆ ಉದುರಿತು. "ಈಗ ನಿಜವಾಗ್ಲೂ ಅಜ್ಜ ಆದ್ರಿ," ಎಂದಳು ಚಿನ್ನದಕ್ಕ. ಯಾರೂ ನಗಲಿಲ್ಲ, ಆದರೆ ಅಂಗಡಿಯಲ್ಲಿ ಸ್ವಲ್ಪ ಗಾಳಿ ಆಡಿತು. ಮೇಜಿನ ನಾಲ್ಕು ಕಾಲಿನ ಕೆಳಗೆ ಇಟ್ಟಿಗೆಗಳನ್ನಿಟ್ಟರು. ಒಂದು ಸಲ ಹೆಚ್ಚಾಯಿತು, ಒಂದು ಸಲ ಕಡಿಮೆಯಾಯಿತು. "ಮೊಣಕೈ ಎಲ್ಲಿಗೆ ಬರುತ್ತೆ ತೋರ್ಸು," ಎಂದು ಮಾಮ ದರ್ಜಿಯ ಹಾಗೆ ಅವಳ ಅಳತೆ ತೆಗೆದುಕೊಂಡರು.

ತನ್ನ ಹೊಲಿಗೆಯನ್ನು ತಾನೇ ಬಿಚ್ಚುವುದು ಕಷ್ಟದ ಕೆಲಸ. ಬಿಚ್ಚಿ, ಜೋಡಿಸಿ, ಪ್ರತಿ ಪುಟದ ಸಂಖ್ಯೆ ನೋಡಿ, ಹನ್ನೊಂದೂವರೆಗೆ ಹೊಲಿಯಲು ನಿಂತಳು. ಒಂದು ಫಾರಂಗೆ ಒಂಬತ್ತು ನಿಮಿಷ. ಲೆಕ್ಕ ಕೂಡಿಬರುತ್ತಿತ್ತು, ಆದರೆ ಅವಳಿಗೆ ತನ್ನ ಮೈಯ ಮೇಲೆ ನಂಬಿಕೆಯಿರಲಿಲ್ಲ. ಕೂತಾಗ ಮೋಸ ಮಾಡಿದ ಮೈ ನಿಂತಾಗ ಮೋಸ ಮಾಡುವುದಿಲ್ಲ ಎಂದು ಬರೆದುಕೊಟ್ಟವರು ಯಾರು? ಪ್ರತಿ ಐದು ನಿಮಿಷಕ್ಕೆ ಒಮ್ಮೆ ಒಳಗೆ ಕಿವಿಗೊಡುತ್ತಿದ್ದಳು, ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಎದ್ದಿತೇ ಎಂದು ಕೇಳುವ ಹಾಗೆ. ಕಡ್ಡಿ ಗೀರಲಿಲ್ಲ. ನಾಲ್ಕು ಗಂಟೆಗೆ ಹಿಮ್ಮಡಿ ನೋಯತೊಡಗಿತು. ಐದಕ್ಕೆ ಮೀನಖಂಡ ಕಲ್ಲಾಯಿತು. ಅಷ್ಟರಲ್ಲಿ ಇಪ್ಪತ್ತೆಂಟು ಫಾರಂ ಆಗಿದ್ದವು.

ಮನೆಗೆ ಹೋದಾಗ ಕುಂಟುತ್ತಿದ್ದಳು. ಗಂಡ ಬಾಗಿಲಲ್ಲೇ ಕೇಳಿದ. "ಏನಾಯ್ತೇ?"

"ಕಾಲು ನೋವು. ಇಡೀ ದಿನ ನಿಂತಿದ್ದೆ."

ಅವನು ನೀರು ಕಾಯಿಸಿ ಬಕೆಟ್ಟಿಗೆ ಹಾಕಿ ತಂದ. ಮಗಳು ಉಪ್ಪು ತಂದು ಸುರಿದಳು, ಬೇಕಾದ್ದಕ್ಕಿಂತ ಜಾಸ್ತಿ. ಇಬ್ಬರೂ ಅವಳ ಎರಡು ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು. ಕಾರಣ ಗೊತ್ತಿರುವ ನೋವಿಗೆ ಎಷ್ಟು ಬೇಗ ಬಿಸಿನೀರು ಸಿಗುತ್ತದೆ ಎಂದುಕೊಂಡಳು. ಅದಕ್ಕೇ ಅಳು ಬಂತು.

"ಕೂತ್ಕೊಳ್ಳೇ, ನಿಂತ್ಕೊಂಡು ಯಾರಾದ್ರೂ ಕಾಲು ನೆನೆಸ್ತಾರಾ?" ಎಂದ ಗಂಡ.

"ರೀ," ಎಂದಳು ಅವಳು. "ಆ ನೋವು ಹೋಗಿಲ್ಲ. ಒಂದು ದಿನಕ್ಕೂ ಹೋಗಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಹೋಯ್ತು ಅಂದೆ."

ಅವನ ಕೈ ನೀರಿನಲ್ಲಿ ಹಾಗೇ ನಿಂತಿತು. ಮುಖದ ಮೇಲೆ ಮೊದಲು ಬಂದದ್ದು ಕೋಪ. ಅವಳು ಅದನ್ನು ನೋಡಿದಳು. ಆಮೇಲೆ ಅವನು ಮೂಲೆಯಲ್ಲಿದ್ದ ಗಾಳಿ ದಿಂಬಿನ ಕಡೆ ನೋಡಿದ. ನಾಲ್ಕು ತಿಂಗಳ ಊಟಗಳನ್ನು ಅವನು ಒಂದೊಂದಾಗಿ ನೆನೆಯುತ್ತಿದ್ದಾನೆ ಎನಿಸಿತು: ಒಲೆಯ ಮೇಲೆ ಸದಾ ಉಕ್ಕುತ್ತಿದ್ದ ಏನೋ ಒಂದು, ಮೇಜಿನಲ್ಲಿ ಸದಾ ಖಾಲಿಯಿದ್ದ ಒಂದು ಕುರ್ಚಿ.

"ನಂಗೆ ಗೊತ್ತಿತ್ತು," ಎಂದಳು ಮಗಳು. "ನಾನು ಯಾರಿಗೂ ಹೇಳಿಲ್ಲ."

"ನೀನೊಬ್ಬಳು ದೊಡ್ಡ ಮನುಷ್ಯಳು," ಎಂದ ಅವನು. ಹೆಂಡತಿಯ ಕಾಲನ್ನು ಮತ್ತೆ ಉಜ್ಜತೊಡಗಿದ. "ಇನ್ನೊಬ್ಬ ಡಾಕ್ಟರನ್ನ ನೋಡೋಣ. ಈ ಸಲವೂ ನಾನು ಒಳಗೆ ಬರ್ತೀನಿ, ಆದ್ರೆ ನಾರ್ಮಲ್ ಅಂದ್ರೆ ಕೈ ಕುಲುಕಲ್ಲ."

ಆ ರಾತ್ರಿ ಊಟದ ತಟ್ಟೆಗಳು ಮೂರೂ ಅಡುಗೆಮನೆಯ ಕಟ್ಟೆಯ ಮೇಲಿದ್ದವು. ಮಗಳಿಗೆ ಎಟುಕದೆ ಒಂದು ಡಬ್ಬದ ಮೇಲೆ ನಿಲ್ಲಿಸಬೇಕಾಯಿತು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕೊನೆಯ ಗಂಟು ಬಿತ್ತು. ಸಂಜೆ ದಾಖಲೆ ವಿಭಾಗದ ಮೇಡಂ ಬಂದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಮಾಮ ಕುರ್ಚಿ ಎಳೆದು "ಕೂತ್ಕೊಳ್ಳಿ" ಎಂದರು. ಮೇಡಂ ಕುಳಿತು ಒಂದೊಂದೇ ಪುಟ ತಿರುಗಿಸಿದರು. ಸೂಜಿ ಕೈ ಕಟ್ಟಿ ನಿಂತಿದ್ದಳು. ಹದಿನೈದು ಫಾರಂಗಳೂ ಎಲ್ಲೆಲ್ಲಿ ಇದ್ದವೆಂದು ಅವಳಿಗೆ ನೆನಪಿತ್ತು. ಮೇಡಂನ ಬೆರಳು ಅಲ್ಲಿಗೆ ಬಂದಾಗಲೆಲ್ಲ ಅವಳೂ ಮನಸ್ಸಿನಲ್ಲಿ ಪುಟದ ಸಂಖ್ಯೆ ಎಣಿಸುತ್ತಿದ್ದಳು. ಒಂದು ಪುಟದಲ್ಲಿ ಬೆರಳು ನಿಂತೇಬಿಟ್ಟಿತು. ಮಾಮನೂ ಮುಂದಕ್ಕೆ ಬಾಗಿದರು.

"ಇದು ನಾನು," ಎಂದರು ಮೇಡಂ. ಒಂದು ಮಸುಕು ಸಾಲಿನ ಮೇಲೆ ಬೆರಳಿತ್ತು. "ತೂಕ ಎರಡೂವರೆ ಕಿಲೋ. ಈಗ ನೋಡಿ."

ಪುಸ್ತಕ ಮುಚ್ಚಿ, ಬೆನ್ನನ್ನು ಅಂಗೈಯಲ್ಲಿ ಒಮ್ಮೆ ಒತ್ತಿ ನೋಡಿ, ಎದ್ದರು. "ಉಳಿದವು ಸೋಮವಾರ ಕಳಿಸ್ತೀನಿ. ಯಾರು ಹೊಲಿದಿದ್ದು?"

"ನಮ್ಮ ಸೂಜಿ," ಎಂದರು ಅಂಟು ಮಾಮ. ಒಮ್ಮೆ ಕೂತರೆ ಏಳದ ಹೆಂಗಸು ಎಂದು ಸೇರಿಸಲಿಲ್ಲ.

ಸೋಮವಾರ ಹನ್ನೊಂದು ಪುಸ್ತಕಗಳು ಬಂದವು. ಅವಳು ಬೆಳಿಗ್ಗೆ ಚೌಕಟ್ಟಿನ ಮುಂದೆ ನಿಂತಾಗ ಬಲ ಮಂಡಿಯಲ್ಲಿ ಸಣ್ಣಗೆ ಏನೋ ಕಚ್ಚಿತು. ಇದು ಬರೀ ಕಾಲು ನೋವೋ, ಹೊಸದೊಂದರ ಶುರುವೋ? ಅವಳು ಸೂಜಿ ಹಿಡಿದು ಹಾಗೇ ನಿಂತು ಒಳಗೆ ಕಿವಿಗೊಟ್ಟಳು.

"ಏನಾಯ್ತಮ್ಮ?" ಎಂದರು ಮಾಮ, ಅಂಟು ಕಲಸುತ್ತ, ತಲೆ ಎತ್ತದೆ.

"ಮಂಡಿ, ಮಾಮ. ಗೊತ್ತಿಲ್ಲ. ನೋಡ್ಬೇಕು."

"ನೋಡು. ಹೇಳು," ಎಂದರು ಅವರು.

ಅವಳು ಭಾರವನ್ನು ಎಡಗಾಲಿಗೆ ಬದಲಿಸಿದಳು. ಹಳೆಯ ಸ್ಟೂಲು ಅವಳ ಎಡಗಡೆಗಿತ್ತು. ಅದರ ಮೇಲೆ ಫಾರಂಗಳ ಕಟ್ಟು, ಮಡಿಕೆ ಅವಳ ಕಡೆಗೆ, ತಲೆ ಸರಿಯಾದ ಕಡೆಗೆ, ಆರಾಮಾಗಿ ಕೂತಿತ್ತು. ಮೊದಲನೆಯದನ್ನು ತೆಗೆದುಕೊಂಡು, ಪುಟದ ಸಂಖ್ಯೆಯನ್ನು ಎರಡು ಸಲ ನೋಡಿ, ದಾರ ಪೋಣಿಸಿದಳು.